ಶರಫುದ್ದೀನರ ಮಾನಪತ್ರದ ಅಕ್ಷರ

ನಮ್ಮ ಭಾಗದಲ್ಲಿ ಮಾನಪತ್ರವನ್ನು ಒಮ್ಮೆ ಓದುತ್ತಾರೆ. ಆಮೇಲೆ ಮೂವತ್ತು ವರ್ಷ ಗೋಡೆಗೆ ನೇತುಹಾಕುತ್ತಾರೆ. ನಿವೃತ್ತರಾದ ಶಿಕ್ಷಕರಿಗೆ, ಮೊದಲ ದರ್ಜೆಯಲ್ಲಿ ಪಾಸಾದ ಹುಡುಗಿಗೆ, ಶಾಲೆಗೆ ಜಾಗ ಬಿಟ್ಟುಕೊಟ್ಟ ಗೌಡರಿಗೆ, ಎಲ್ಲರಿಗೂ ಒಂದು ಶಾಲು, ಒಂದು ತೆಂಗಿನಕಾಯಿ, ಒಂದು ಮಾನಪತ್ರ. ಶಾಲು ಕಪಾಟು ಸೇರುತ್ತದೆ, ಕಾಯಿ ಮರುದಿನ ಚಟ್ನಿಯಾಗುತ್ತದೆ. ಮಾನಪತ್ರ ಮಾತ್ರ ಗಾಜಿನ ಕಟ್ಟಿನೊಳಗೆ ಕುಳಿತು ಮನೆಗೆ ಬಂದವರನ್ನೆಲ್ಲ ನೋಡುತ್ತಿರುತ್ತದೆ. ೧೯೮೧ರಿಂದ ನರೋಣಾದ ನಮ್ಮ ಶಾಲೆ ಕೊಟ್ಟ ಮಾನಪತ್ರಗಳನ್ನೆಲ್ಲ ಒಬ್ಬರೇ ಬರೆದರು. ಅವರು ನಮ್ಮ ಶಾಲೆಯ ಜವಾನ ಶರಫುದ್ದೀನ.

ಅವರ ತಂದೆ ಜಹೀರುದ್ದೀನರು ಆಳಂದದಲ್ಲಿ ಮದುವೆಯ ರುಕ್ಕಾಗಳನ್ನು, ಎಂದರೆ ಕರೆಯೋಲೆಗಳನ್ನು, ಉರ್ದುವಿನಲ್ಲಿ ಕೈಯಿಂದ ಬರೆದುಕೊಡುತ್ತಿದ್ದರು. ಬಿದಿರು ಕಡ್ಡಿಯ ತುದಿಯನ್ನು ಓರೆಯಾಗಿ ಸೀಳಿ ಖಲಮು ಮಾಡುವುದು, ಅದರಿಂದ ಚೌಕಾಕಾರದ ಚುಕ್ಕಿ ಇಟ್ಟು ಅಕ್ಷರದ ಎತ್ತರ ಅಳೆಯುವುದು, ಖಲಮು ಮಸಿ ಹೆಚ್ಚು ಹೀರದಂತೆ ಕುಡಿಕೆಯೊಳಗೆ ರೇಷ್ಮೆಯ ಎಳೆ ಹಾಕಿಡುವುದು, ಇದೆಲ್ಲ ಮಗನಿಗೆ ತಂದೆಯಿಂದ ಬಂತು. ಕನ್ನಡ ಅಕ್ಷರ ಬಂದದ್ದು ಅದೇ ಶಾಲೆಯಲ್ಲಿ ಕನ್ನಡ ಶಿಕ್ಷಕನಾಗಿದ್ದ ನನ್ನ ತರಗತಿಯಿಂದ. ನೌಕರಿಗೆ ಸೇರಿದಾಗ ಅವರಿಗೆ ಇಪ್ಪತ್ತಾರು ವರ್ಷ. ಕನ್ನಡ ಚೆನ್ನಾಗಿ ಆಡುತ್ತಿದ್ದರು, ಬರೆಯಲು ಬರುತ್ತಿರಲಿಲ್ಲ. ಗಂಟೆ ಬಾರಿಸಿ ಬಂದು ಐದನೆಯ ತರಗತಿಯ ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಕುಳಿತುಬಿಡುತ್ತಿದ್ದರು. ನಾನು ಹಲಗೆಯ ಮೇಲೆ ಕಾಗುಣಿತ ಬರೆಯುತ್ತಿದ್ದರೆ ಅವರು ಹಳೆಯ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತಿದ್ದರು. ಒಂದು ದಿನ ಆ ಹಾಳೆಯನ್ನು ನೋಡಿದೆ. ನನ್ನ ಬಡಪಾಯಿ ಕಕಾರಕ್ಕೆ ದಪ್ಪ ಹೊಟ್ಟೆ, ಸಣ್ಣ ನಡು, ತಲೆಯ ಮೇಲೆ ಗರಿಯಂಥ ತಲೆಕಟ್ಟು ಬಂದಿತ್ತು. ಉರ್ದು ಖಲಮಿನಿಂದ ಹುಟ್ಟಿದ ಕನ್ನಡ ಅಕ್ಷರ! ಆ ವರ್ಷವೇ ಹೆಡ್‌ಮಾಸ್ತರರು ಮಾನಪತ್ರ ಬರೆಯುವ ಕೆಲಸವನ್ನು ಅವರಿಗೆ ವಹಿಸಿದರು. ನಿವೃತ್ತರಾಗುವ ತನಕ ಮೂವತ್ನಾಲ್ಕು ವರ್ಷ ಅವರು ಗಂಟೆ ಬಾರಿಸಿದರು, ನೀರು ತುಂಬಿದರು, ಮಾನಪತ್ರ ಬರೆದರು. ಮೊದಲೆರಡಕ್ಕೆ ಮಾತ್ರ ಸಂಬಳ.

ಶಾಲೆಗೆ ಐವತ್ತು ವರ್ಷ ತುಂಬುವುದೆಂದು ಕಳೆದ ಆಗಸ್ಟಿನಲ್ಲಿ ಹಳೆಯ ವಿದ್ಯಾರ್ಥಿಗಳು ಸಭೆ ಕರೆದರು. ಅಧ್ಯಕ್ಷ ಖಂಡಪ್ಪ, ಆಳಂದದಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ನನ್ನ ಶಿಷ್ಯ. ಜನವರಿ ಇಪ್ಪತ್ತೆಂಟಕ್ಕೆ ಸಮಾರಂಭ, ನೂರ ಮೂವತ್ತೆರಡು ಜನರಿಗೆ ಮಾನಪತ್ರ ಎಂದು ಗೊತ್ತಾಯಿತು. ಎಲ್ಲರೂ ಶರಫುದ್ದೀನರ ಕಡೆ ತಿರುಗಿದರು. ಅವರು ತಮ್ಮ ಬಲಗೈ ಎತ್ತಿ ತೋರಿಸಿದರು. ಕೈ ನಡುಗುತ್ತಿತ್ತು. ಬೆಳಗಿನ ನಮಾಜು ಮುಗಿದ ಮೇಲೆ ಒಂದು ತಾಸು ಮಾತ್ರ ಆ ಕೈ ಮಾತು ಕೇಳುತ್ತದೆ, ಆಮೇಲೆ ಚಹಾದ ಬಶಿಯೂ ನಿಲ್ಲುವುದಿಲ್ಲ.

"ಚಾಚಾ, ಚಿಂತಿ ಬಿಡ್ರಿ" ಎಂದ ಖಂಡಪ್ಪ ಮೊಬೈಲು ಮುಂದೆ ಹಿಡಿದ. "ಇದರಾಗ ತಯಾರಿ ಅಕ್ಷರ ಭಾಳ ಅದಾವ. ಒಂದು ಆರಿಸಿ ಕೊಡ್ರಿ, ಛಾಪಿಸಿಬಿಡಾನು."

ಶರಫುದ್ದೀನರು ಮೊಬೈಲನ್ನು ಕಣ್ಣಿನ ಹತ್ತಿರ ತಂದು, ದೂರ ಒಯ್ದು, ಮತ್ತೆ ಹತ್ತಿರ ತಂದು ನೋಡಿದರು.

"ಇವು ಕೂಸಿನ ಜಾವಳದ ಕಾರ್ಡಿನ ಅಕ್ಷರ ಅದಾವಲ್ಲೋ ಖಂಡ್ಯಾ."

"ಚಂದ ಅದಾವಲ್ಲರಿ."

"ಚಂದ ಅದಾವ. ಜಾವಳಕ್ಕ."

ಹೀಗೆ ಹಟ ಹುಟ್ಟಿತು. ಮಾನಪತ್ರ ಯಂತ್ರದಿಂದಲೇ ಬರಲಿ, ಆದರೆ ಅಕ್ಷರ ತಮ್ಮ ಕೈಯದಾಗಿರಬೇಕು ಎಂದರು. ಖಂಡಪ್ಪ ಕೆಟ್ಟವನಲ್ಲ, ವ್ಯವಹಾರಸ್ಥ. "ಆತು ಚಾಚಾ. ಜನೇವರಿ ಹದಿನೈದರ ತನಕ ಹಾದಿ ನೋಡ್ತೇನಿ. ಆಗಿಲ್ಲಂದ್ರ ಜಾವಳದ ಅಕ್ಷರದಾಗ ಛಾಪಿಸ್ತೇನಿ. ಆಮ್ಯಾಲ ಸಿಟ್ಟಿಗೇಳಬ್ಯಾಡ್ರಿ" ಎಂದ.

ಕೈಬರಹದಿಂದ ಕಂಪ್ಯೂಟರ್ ಅಕ್ಷರ ಮಾಡುವ ಕೆಲಸಕ್ಕೆ ನಮಗೆ ಸಿಕ್ಕವಳು ವಿದ್ಯಾವತಿ. ಅಫಜಲಪುರ ತಾಲೂಕಿನ ಗೊಬ್ಬೂರಿನ ಮಗಳು, ಆಳಂದದ ಸೊಸೆ. ಬಸ್‌ಸ್ಟ್ಯಾಂಡಿನ ಹಿಂದೆ ಅವಳದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಲಗ್ನಪತ್ರಿಕೆ ಮಾಡುತ್ತಾ ಮಾಡುತ್ತಾ ಅಕ್ಷರ ತಯಾರಿಸುವ ವಿದ್ಯೆಯನ್ನು ಯೂಟ್ಯೂಬಿನಲ್ಲಿ ನೋಡಿ ಕಲಿತಿದ್ದಳು. ಸ್ವರ, ವ್ಯಂಜನ, ಕಾಗುಣಿತ, ಒತ್ತಕ್ಷರ, ಅಂಕಿ ಎಲ್ಲ ಸೇರಿ ಮುನ್ನೂರ ನಲವತ್ತು ರೂಪಗಳ ಪಟ್ಟಿ ಮಾಡಿ ಕೊಟ್ಟಳು. "ಚಾಚಾ, ಒಂದೊಂದು ಹಾಳ್ಯಾಗ ಒಂದೊಂದು ಬರದು ಕೊಡ್ರಿ. ಸ್ಕ್ಯಾನ್ ಮಾಡಿ ನಾ ಒಳಗ ಹಾಕ್ತೇನಿ."

ಮೂರು ತಿಂಗಳು ಶರಫುದ್ದೀನರು ದಿನಕ್ಕೊಂದು ತಾಸು ಬರೆದರು. ದಿನಕ್ಕೆ ನಾಲ್ಕು ಅಕ್ಷರ, ಕೈ ಕೃಪೆಮಾಡಿದರೆ ಐದು. ನಾನು ವಾರಕ್ಕೊಮ್ಮೆ ಹಾಳೆಗಳನ್ನು ಅಂಗಡಿಗೆ ಮುಟ್ಟಿಸುತ್ತಿದ್ದೆ. ಅಲ್ಲಿ ನಮ್ಮ ಕೆಲಸಕ್ಕೆ ಸರದಿ ಬರುವುದೇ ಕಷ್ಟ. ಪಹಣಿ, ಆಧಾರ ಕಾರ್ಡು, ಜಾತಿ ಪ್ರಮಾಣಪತ್ರ ಹಿಡಿದವರ ಸಾಲು ಮುಗಿಯುವಾಗ ಕರೆಂಟು ಹೋಗುತ್ತಿತ್ತು. ಕರೆಂಟು ಬಂದಾಗ ಕಂಪ್ಯೂಟರು ತನ್ನಷ್ಟಕ್ಕೆ ತಾನು ಏನನ್ನೋ ನವೀಕರಿಸಿಕೊಳ್ಳುತ್ತ ಸುತ್ತುತ್ತಿತ್ತು. ಎರಡು ಸಲ ವಾರಗಟ್ಟಲೆಯ ಕೆಲಸ ಅಳಿಸಿಹೋಯಿತು. ವಿದ್ಯಾವತಿ ಹಣೆ ಚಚ್ಚಿಕೊಂಡು ಮತ್ತೆ ಮೊದಲಿನಿಂದ ಮಾಡಿದಳು. ನಾನು ಹೊರಗಿನ ಬೆಂಚಿನ ಮೇಲೆ ಕುಳಿತು, ಇಷ್ಟು ಹೊತ್ತಿನಲ್ಲಿ ಒಂದು ತರಗತಿಗೆ ಸಂಧಿ ಪ್ರಕರಣ ಕಲಿಸಿ ಮುಗಿಸಬಹುದಿತ್ತಲ್ಲ ಎಂದು ಲೆಕ್ಕ ಹಾಕುತ್ತಿದ್ದೆ.

ನವೆಂಬರಿನ ಕೊನೆಯಲ್ಲಿ ಮೊದಲ ಪರೀಕ್ಷೆ. ಶರಫುದ್ದೀನರು ಇಸ್ತ್ರಿ ಮಾಡಿದ ಶೇರವಾನಿ ತೊಟ್ಟು ಬಂದಿದ್ದರು. ವಿದ್ಯಾವತಿ ಸನ್ಮಾನಿತರ ಪಟ್ಟಿಯಿಂದ ಒಂದು ಹೆಸರೆತ್ತಿ "ಶ್ರೀಮತಿ ಶಿವಕಾಂತಾ ಇವರಿಗೆ" ಎಂದು ಟೈಪು ಮಾಡಿದಳು. ಮೂವರೂ ಪರದೆಯ ಕಡೆ ಬಾಗಿದೆವು. ಒಂದಕ್ಷರದ ತಲೆಕಟ್ಟಿನ ಗರಿ ಪಕ್ಕದ ಅಕ್ಷರದ ಕಣ್ಣಿಗೆ ಚುಚ್ಚಿತ್ತು. ಒತ್ತುಗಳು ಕೆಳಗಿನ ಸಾಲಿನವರ ತಲೆಯ ಮೇಲೆ ಕಾಲಿಟ್ಟಿದ್ದವು. ಒಂಟಿಯಾಗಿ ನೋಡಿದಾಗ ಒಂದೊಂದೂ ಅರಮನೆಯ ಕಂಬದಂತಿದ್ದ ಅಕ್ಷರಗಳು ಕೂಡಿದೊಡನೆ ಸಂತೆಯ ನೂಕುನುಗ್ಗಲಾಗಿದ್ದವು.

"ನಿನ್ನ ಮಶೀನಿಗೆ ಅದಬು ಇಲ್ಲ ಬೇಟಿ. ಹಿರ್ಯಾರಿಗೆ ಜಾಗ ಬಿಡಬೇಕಂತ ಕಲಿಸಿಲ್ಲ ಇದಕ್ಕ" ಎಂದರು ಶರಫುದ್ದೀನರು.

ವಿದ್ಯಾವತಿಗೂ ಅಂದು ಸಾಕಾಗಿತ್ತು. "ಮಶೀನು ನೀವು ಕೊಟ್ಟಿದ್ದನ್ನ ಇಡ್ತದ್ರಿ ಚಾಚಾ. ನೀವು ಮುನ್ನೂರ ನಲವತ್ತು ಮಂದೀನೂ ಮದಿಮಗನ್ನ ಮಾಡಿ ಕಳಿಸೀರಿ. ಎಲ್ಲಾರ ತಲೀ ಮ್ಯಾಲೂ ಹೂವಿನ ಸೆಹರಾ. ಬಾರಾತಿನ್ಯಾಗ ಸುಮ್ಮನ ನಡಿಯವರು ಒಬ್ಬರರ ಬ್ಯಾಡೇನ್ರಿ?"

ಸಾಲಿನಲ್ಲಿ ನಿಂತವರು ನಕ್ಕರು. ಶರಫುದ್ದೀನರು ನಗಲಿಲ್ಲ. "ತಲೀಗೆ ಏನೂ ಇಲ್ಲದ ಅಕ್ಷರ ನನ್ನ ಮನಿ ಬಾಗಲಾ ದಾಟೂದಿಲ್ಲ" ಎಂದು ಹೇಳಿ ಎದ್ದು ಹೋದರು. ಎರಡು ವಾರ ಅಂಗಡಿಯ ಕಡೆ ಸುಳಿಯಲಿಲ್ಲ. ನನ್ನ ಫೋನೂ ಎತ್ತಲಿಲ್ಲ. ಖಂಡಪ್ಪ ಮಾತ್ರ ದಿನವೂ ನನಗೆ ಫೋನು ಮಾಡಿ, "ಗುರುಗಳ, ಏನಾತ್ರಿ?" ಎಂದು ಕೇಳುತ್ತಿದ್ದ. ಉತ್ತರವಿಲ್ಲದೆ ಶಿಷ್ಯನ ಮುಂದೆ ನಿಲ್ಲುವುದು ಶಿಕ್ಷಕನಾದವನಿಗೆ ಎಂಥ ಕಷ್ಟವೆಂದು ಶಿಕ್ಷಕರೇ ಬಲ್ಲರು.

ನನಗೊಂದು ಅನುಮಾನ ಕಾಡುತ್ತಿತ್ತು. ಇಷ್ಟು ವರ್ಷ ಬರೆದ ಮಾನಪತ್ರಗಳಲ್ಲಿ ಅಕ್ಷರಗಳು ಹೀಗೆ ಜಗಳವಾಡಿದ್ದನ್ನು ನಾನು ನೋಡಿರಲಿಲ್ಲ. ನನ್ನ ಮನೆಯ ಗೋಡೆಯ ಮೇಲಿದ್ದುದನ್ನು ಇಳಿಸಿ, ದೂಳು ಒರೆಸಿ, ಭೂತಗನ್ನಡಿ ಹಿಡಿದು ನೋಡಿದೆ. ಸಾಲಿನ ಮೊದಲ ಅಕ್ಷರಕ್ಕೆ ಮಾತ್ರ ಗರಿ ಇತ್ತು, ಹೆಸರಿನ ಕೊನೆಯ ಅಕ್ಷರಕ್ಕೆ ಮಾತ್ರ ಉದ್ದನೆಯ ಬಾಲ ಇತ್ತು. ನಡುವಿನವು ತಲೆತಗ್ಗಿಸಿ, ಮೈ ಕಿರಿದು ಮಾಡಿಕೊಂಡು, ಒಂದಕ್ಕೊಂದು ದಾರಿ ಬಿಟ್ಟು ನಡೆಯುತ್ತಿದ್ದವು. ಆಗ ನನಗೆ ತಪ್ಪು ತಿಳಿಯಿತು. ಆ ಮನುಷ್ಯ ಜೀವಮಾನದಲ್ಲಿ ಬಿಡಿ ಅಕ್ಷರ ಬರೆದವರೇ ಅಲ್ಲ, ಯಾವಾಗಲೂ ಯಾರದಾದರೂ ಹೆಸರು ಬರೆದವರು. ಹಾಳೆಗೊಂದು ಅಕ್ಷರ ಎಂದಾಗ ಆ ಅಕ್ಷರವನ್ನೇ ಮುಖ್ಯ ಅತಿಥಿಯೆಂದು ಭಾವಿಸಿ, ಹಾಳೆಯ ತುಂಬ ಗೌರವ ಮಾಡಿ ಕಳುಹಿಸಿದ್ದರು.

ಮಾನಪತ್ರವನ್ನು ಚಾದರದಲ್ಲಿ ಸುತ್ತಿಕೊಂಡು ಅವರ ಮನೆಗೆ ಹೋದೆ. ಬಾಗಿಲು ತೆರೆದವರು ಅವರ ಹೆಂಡತಿ ಸರ್ವರಬೇಗಂ.

"ಬರ್ರಿ ಮಾಸ್ತರ್ರ. ನಿಮ್ಮ ದೋಸ್ತ್ ಎರಡು ವಾರಾತು, ನನ್ನ ಜೋಡಿ ಸುದ್ದಾ ಮಾತಾಡವಲ್ಲರು. ಮೂರು ತಿಂಗಳು ಮನಿ ತುಂಬ ಕಾಗದ ಹರವಿದ್ರು, ನನಗ ಕಾಲಿಡಾಕ ಜಾಗ ಇರಲಿಲ್ಲ. ಈಗ ಕಾಗದ ತಗದಾರ, ಮಾರಿ ಹರವಿಕೊಂಡು ಕುಂತಾರ."

ಶರಫುದ್ದೀನರು ಚಾದರ ಬಿಚ್ಚಿ ಮಾನಪತ್ರವನ್ನು ತೊಡೆಯ ಮೇಲಿಟ್ಟುಕೊಂಡರು. ಗಾಜಿನ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಸವರಿದರು.

"ಇದನ್ನ ಬರದಾಂವ ಯಾರ್ರಿ?" ಎಂದರು ಕೊನೆಗೆ.

"ನೀವಲ್ಲದ ಮತ್ಯಾರು?"

"ಅಲ್ರಿ. ಇಂವ ಬ್ಯಾರೆ. ಇಂವಗ ಎಲ್ಲಿ ಸುಮ್ಮನಿರಬೇಕಂತ ಗೊತ್ತದ." ಮೂರು ತಿಂಗಳ ಹಾಳೆಗಳ ಕಟ್ಟನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದರು. "ನಾ ನನ್ನ ಹೆಸರು ಉಳೀಲಿ ಅಂತ ಬರದೇನಿ ನೋಡ್ರಿ. ಅದಕ್ಕ ಎಲ್ಲಾವೂ ಸೆಹರಾ ಕಟಗೊಂಡವ. ಆ ಹುಡುಗಿ ಬರೋಬ್ಬರಿ ಅಂದಾಳ."

"ಮತ್ತ ಈ ಹಳೇ ಅಕ್ಷರಾನೇ ತಗೊಂಡ್ರ ಹೆಂಗ?" ಎಂದು ಕೇಳಿದೆ. "ಇವೂ ನಿಮ್ಮವೇ."

ಅವರ ಮುಖ ಇನ್ನಷ್ಟು ಬಿಗಿಯಿತು. ಹಾಗೆ ಮಾಡಿದರೆ ಆ ಮೂರು ತಿಂಗಳ ಬೆಳಗುಗಳು ವ್ಯರ್ಥವೆಂದು ಒಪ್ಪಿಕೊಂಡಂತಾಗುತ್ತದೆ ಎಂಬುದು ನನಗೂ ತಿಳಿದಿತ್ತು. ಒಳಗಿನಿಂದ ಸರ್ವರಬೇಗಂ ಹೇಳಿದರು, "ಹಠಾ ಹಿಡೀರಿ ಮತ್ತ. ಜಾವಳದ ಅಕ್ಷರದಾಗ ಛಾಪಿಸ್ತಾನ ಖಂಡಪ್ಪ. ಆಗ ಹೋಗಿ ಮುಂದಿನ ಸಾಲಿನ್ಯಾಗ ಕುಂತು ಚಪ್ಪಾಳಿ ಹೊಡೀರಿ."

"ತಗೊಂಡು ಹೋಗ್ರಿ, ಆ ಹುಡುಗಿ ಕೈಯಾಗ ಕೊಡ್ರಿ" ಎಂದರು ಶರಫುದ್ದೀನರು.

ಇನ್ನು ಐದು ವಾರ ಉಳಿದಿತ್ತು. ಒಂದು ಮಾನಪತ್ರದಲ್ಲಿ ಎಲ್ಲ ಅಕ್ಷರಗಳೂ ಇರುವುದಿಲ್ಲವಾದ್ದರಿಂದ ಹಳೆಯ ಮಾನಪತ್ರಗಳನ್ನು ಮನೆಮನೆಗೆ ಹೋಗಿ ಕೇಳಿ ತರಬೇಕಾಯಿತು. ಶಿವಕಾಂತಾ ನಮ್ಮ ಶಾಲೆಯಿಂದ ಮೊದಲ ದರ್ಜೆಯಲ್ಲಿ ಪಾಸಾದ ಮೊದಲ ಹುಡುಗಿ. ಈಗ ಅವಳಿಗೇ ಮೊಮ್ಮಕ್ಕಳಿದ್ದಾರೆ. ಅವಳು ತನ್ನದನ್ನು ಗೋಡೆಯಿಂದ ಇಳಿಸುವಾಗ, "ಗುರುಗಳಂತ ಕೊಡಾಕತ್ತೇನ್ರಿ. ಗ್ಲಾಸು ಒಡೀತಂದ್ರ ನಿಮಗ ಅಂಗಳದಾಗ ಒಂಟಿಗಾಲಿನ ಮ್ಯಾಲ ನಿಂದ್ರಸ್ತೇನಿ. ನೀವ ಕಲಿಸಿದ ಶಿಕ್ಷಾ" ಎಂದಳು. ಗೊಬ್ಬೂರಿನಲ್ಲಿ ನೆಲೆಸಿರುವ ನಿವೃತ್ತ ಗಣಿತ ಶಿಕ್ಷಕ ಭೀಮಶಾ ಅವರದು ಹಿಟ್ಟಿನ ಡಬ್ಬಿಗಳ ಹಿಂದೆ ಸಿಕ್ಕಿತು. ಜೇವರ್ಗಿಯಲ್ಲಿ ಒಂದು ಸಿಕ್ಕಿತು. ಅದರ ಅರ್ಧವನ್ನು ಗೆದ್ದಲು ಓದಿ ಮುಗಿಸಿತ್ತು. ಬಸ್ಸಿನಲ್ಲಿ ಚಾದರ ಸುತ್ತಿದ ಕಟ್ಟನ್ನು ಎದೆಗವಚಿಕೊಂಡು ಬರುತ್ತಿದ್ದರೆ ಪಕ್ಕದ ಮುದುಕಿ ಕೈಮುಗಿದು ಕೇಳಿದಳು, "ಮನಿಯವರದೇನ್ರಿ ಫೋಟೋ? ಯಾವಾಗ ಹೋದ್ರು?" ಅಲ್ಲವ್ವ, ಇದು ಮಾನಪತ್ರ ಎಂದೆ. "ಮಾನಪತ್ರ ಕೊಟ್ಟ ಮ್ಯಾಲೇ ಹೋದ್ರೇನು?" ಎಂದು ಲೊಚಗುಟ್ಟಿದಳು. ನನ್ನ ಹೆಂಡತಿ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದಾಳೆಂದು ಆ ತಾಯಿಗೆ ತಿಳಿಸುವಷ್ಟರಲ್ಲಿ ಜೇವರ್ಗಿ ದಾಟಿ ಕಲಬುರಗಿ ಬಂದಿತ್ತು.

ಒಟ್ಟು ಏಳು ಮಾನಪತ್ರ. ವಿದ್ಯಾವತಿಯ ಸ್ಕ್ಯಾನರು ಚಿಕ್ಕದು, ಮಾನಪತ್ರ ದೊಡ್ಡದು. ಕಟ್ಟು ಬಿಚ್ಚಿ, ಮೇಲರ್ಧ ಒಮ್ಮೆ, ಕೆಳಗರ್ಧ ಒಮ್ಮೆ ಇಟ್ಟು ತೆಗೆಯಬೇಕಿತ್ತು. ಹೊಗೆ, ಎಣ್ಣೆ, ಇರುವೆಯ ಹೆಜ್ಜೆ ಎಲ್ಲವೂ ಅಕ್ಷರದ ಜೊತೆ ಒಳಗೆ ಬರುತ್ತಿದ್ದವು. ಅವನ್ನು ಒಂದೊಂದೇ ಅಳಿಸುತ್ತ ಅವಳ ಕಣ್ಣು ಕೆಂಪಾದವು. ಡಿಸೆಂಬರು ಮುಗಿಯುವ ಹೊತ್ತಿಗೆ ಹೆಚ್ಚಿನವು ಸಿಕ್ಕಿದ್ದವು. ಯಾವ ಮಾನಪತ್ರದಲ್ಲೂ ಸಿಗದೆ ಉಳಿದವು ಹದಿನೇಳು. ಅವನ್ನು ಹೊಸದಾಗಿ ಬರೆಯಲೇಬೇಕಿತ್ತು, ಅದೂ ಹಳೆಯವುಗಳ ಪಕ್ಕದಲ್ಲಿ ಬೇರೆಯೆನಿಸದಂತೆ.

ಶರಫುದ್ದೀನರು ನನ್ನ ಮಾನಪತ್ರವನ್ನು ಎದುರಿಗೆ ಒರಗಿಸಿಕೊಂಡು, ಖಲಮಿನಿಂದ ಚುಕ್ಕಿ ಇಟ್ಟು ಅಳೆದು ಅಳೆದು ಬರೆಯತೊಡಗಿದರು. ಒಂದು ಬೆಳಿಗ್ಗೆ ನಾನು ಹೋದಾಗ ನೆಲದ ತುಂಬ ಹೊಡೆದುಹಾಕಿದ ಹಾಳೆಗಳು.

"ಮಾಸ್ತರ್ರ, ನೆನಪದ ಏನ್ರಿ? ಪರೀಕ್ಷಾದಾಗ ಕಾಪಿ ಹೊಡಿಯೋ ಹುಡುಗರನ್ನ ಕಿಡಕ್ಯಾಗಿಂದ ನೋಡಿ ನಾ ನಿಮಗ ಹಿಡದು ಕೊಡ್ತಿದ್ದೆ. ಈಗ ನೋಡ್ರಿ, ನಂದ ನಾ ಕಾಪಿ ಹೊಡಿಯಾಕತ್ತೇನಿ. ಅದೂ ಬರವಲ್ಲದು."

"ಒಂದು ಬಂದದಲ್ಲ" ಎಂದು ಒಂದು ಹಾಳೆ ಎತ್ತಿದೆ.

"ಅದನ್ನ ಇಡ್ರಿ ಕೆಳಗ. ಅದಕ್ಕ ಜ್ವರಾ ಬಂದದ."

ಹದಿನೇಳು ಅಕ್ಷರಗಳಿಗೆ ಹದಿಮೂರು ಬೆಳಗುಗಳು ಬೇಕಾದವು. ಜನವರಿ ಹದಿನಾಲ್ಕರಂದು, ಸಂಕ್ರಾಂತಿಯ ಹಿಂದಿನ ದಿನ, ವಿದ್ಯಾವತಿ ಎಲ್ಲವನ್ನೂ ಒಟ್ಟುಗೂಡಿಸಿ ಒಂದು ಪೂರ್ತಿ ಮಾನಪತ್ರವನ್ನು ದಪ್ಪ ಹಾಳೆಯ ಮೇಲೆ ಇಳಿಸಿದಳು. ಮೊದಲ ಅಕ್ಷರಕ್ಕೆ ಗರಿ, ಕೊನೆಯದಕ್ಕೆ ಬಾಲ, ನಡುವಿನವು ತಮ್ಮ ಪಾಡಿಗೆ ತಾವು. ಖಂಡಪ್ಪ ಅದನ್ನು ಹಿಡಿದು ಹಿಂದೆ ಮುಂದೆ ಮಾಡಿದ. "ಮೊದಲಿನಂಗ ಅದಲ್ಲರಿ!" ಎಂದ. ಅವನ ಮನೆಯ ಗೋಡೆಯ ಮೇಲೆ ಅವನ ಅಪ್ಪನ ಮಾನಪತ್ರವಿದೆ, ಅದಕ್ಕೇ ಅವನಿಗೆ ತಿಳಿಯಿತು. ಶರಫುದ್ದೀನರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ರಕಾರ ಬಲಕ್ಕ ವಾಲ್ಯಾದ" ಎಂದರು.

"ಎಲ್ಲಿ ವಾಲ್ಯಾದ್ರಿ?" ವಿದ್ಯಾವತಿ ಪರದೆಗೆ ಮೂಗು ತಾಗಿಸಿ ನೋಡಿದಳು. ನಾನೂ ನೋಡಿದೆ. ನಮಗೆ ಕಾಣಲಿಲ್ಲ.

"ವಾಲ್ಯಾದ. ಕೂದಲೆಳಿಯಷ್ಟು. ನಾಳಿ ತಗೊಂಡು ಹೋಗೋ ಖಂಡ್ಯಾ."

"ನಾಳಿ ಹಬ್ಬ, ಪ್ರೆಸ್ಸು ಬಂದ್ ಇರ್ತದ್ರಿ ಚಾಚಾ. ಇವತ್ತ ಕೊಟ್ರ ಕೆಲಸ ಆಗ್ತದ, ಇಲ್ಲಂದ್ರ ಇಲ್ಲ." ಖಂಡಪ್ಪ ಅಲ್ಲಿಯೇ ನಿಂತು ಪೆನ್ ಡ್ರೈವ್ ಚಾಚಿದ. ವಿದ್ಯಾವತಿ ಶರಫುದ್ದೀನರ ಮುಖ ನೋಡಿದಳು. ಅವರು ಗೋಡೆಯ ಕಡೆ ತಿರುಗಿ ಕೈ ಬೀಸಿದರು. ಅದು ಒಪ್ಪಿಗೆಯೋ, ತೊಲಗಿರಿ ಎಂಬ ಸೂಚನೆಯೋ ತಿಳಿಯಲಿಲ್ಲ. ಒಪ್ಪಿಗೆಯೆಂದೇ ತಿಳಿದು ಕೊಟ್ಟೆವು.

ಸಮಾರಂಭ ನಡೆಯಿತು. ನೂರ ಮೂವತ್ತೆರಡು ಮಾನಪತ್ರಗಳೂ ಶರಫುದ್ದೀನರ ಅಕ್ಷರದಲ್ಲೇ ಬಂದವು. ಭಾಷಣಗಳು ಎಂದಿನಂತೆ ಉದ್ದವಾಗಿದ್ದವು. ನನ್ನ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಸಹೋದ್ಯೋಗಿಯೊಬ್ಬರು ತಮ್ಮ ಮಾನಪತ್ರವನ್ನು ದೂರ ಹಿಡಿದು, "ಏನ್ ಚಂದ ಮಾಡ್ತಾವ್ರೀ ಈಗಿನ ಕಂಪ್ಯೂಟರು. ಹಿಂದಕ್ಕ ನಮ್ಮ ಶರಫುದ್ದೀನ ಎಷ್ಟು ತ್ರಾಸು ಪಡ್ತಿದ್ದ, ಪಾಪ" ಎಂದರು. ಶರಫುದ್ದೀನರು ನನ್ನ ಪಕ್ಕದಲ್ಲೇ ಇದ್ದರು. ತಿರುಗಿ ಏನಾದರೂ ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಶರಫುದ್ದೀನರು ವೇದಿಕೆಯ ಕಡೆ ನೋಡೆಂಬಂತೆ ನನ್ನ ಮೊಣಕೈ ಒತ್ತಿದರು. ಅವರಿಗೆ ಆ ಮಾತು ಕೇಳಿಸಿದಂತಿರಲಿಲ್ಲ. ವೇದಿಕೆಯ ಮೇಲೆ ಒಬ್ಬೊಬ್ಬರಾಗಿ ಮಾನಪತ್ರ ಎತ್ತಿ ತೋರಿಸುತ್ತಿದ್ದರೆ ಇವರು ಕತ್ತು ಚಾಚಿ ಪ್ರತಿಯೊಂದನ್ನೂ ನೋಡುತ್ತಿದ್ದರು. ಹುಬ್ಬು ಗಂಟಿಕ್ಕಿತ್ತು.

"ಎಲ್ಲಾದರಾಗೂ ವಾಲ್ಯಾದ್ರಿ" ಎಂದರು ಪಿಸುದನಿಯಲ್ಲಿ.

ಮರುದಿನ ಬೆಳಿಗ್ಗೆ ಮಾನಪತ್ರಗಳ ಮೂಲ ಕಟ್ಟುಗಳನ್ನು ಮನೆಗಳಿಗೆ ಹಿಂದಿರುಗಿಸಲು ವಿದ್ಯಾವತಿಯ ಅಂಗಡಿಗೆ ಹೋದೆ. ಶಟರು ಅರ್ಧ ಮೇಲೇರಿತ್ತು. ಶರಫುದ್ದೀನರು ಆಗಲೇ ಬಂದು ನಿಂತಿದ್ದರು. ಕೈಯಲ್ಲಿ ಮುದ್ರಣದಲ್ಲಿ ಹಾಳಾದ ಒಂದು ಪ್ರತಿ, ಅದರ ತುಂಬ ಕೆಂಪು ಶಾಯಿಯ ಗುರುತುಗಳು.

"ಚಾಚಾ, ಕಾರ್ಯಕ್ರಮ ಮುಗೀತಲ್ಲರಿ. ಇನ್ನೂ ಏನದ?" ಎಂದಳು ವಿದ್ಯಾವತಿ, ಕೈಯಲ್ಲಿ ಪೊರಕೆ ಹಿಡಿದು.

"ರಕಾರ ಒಂದಾತು. ಯಕಾರದ ಒತ್ತು ಕೆಳಗ ಇಳದದ. ಸೊನ್ನಿ ಸಣ್ಣದಾಗ್ಯಾದ. ಕಡೀಕ ಇನ್ನೂ ಮೂವತ್ತೆಂಟು ಅದಾವ, ಕುಂತು ಹೇಳ್ತೇನಿ."

"ಇನ್ನ ಯಾರಿಗೆ ಬೇಕ್ರಿ ಚಾಚಾ ಅದು?"

"ಮುಂದಿನ ವರ್ಷ ನರೋಣಾದಾಗ ಇಬ್ಬರು ಮಾಸ್ತರು ರಿಟೈರ್ ಆಗೋರಿದ್ದಾರ. ಅವರಿಗೂ ವಾಲಿದ ರಕಾರ ಕೊಡ್ತೀಯೇನು?"

ಅವರ ಹಿಂದೆ ಪಹಣಿ ಹಿಡಿದುಕೊಂಡು ಒಬ್ಬ ರೈತ ಬಂದು ನಿಂತ. "ಮುತ್ಯಾ, ಜರಾ ಸರೀರಿ, ನಂದೊಂದು ಜೆರಾಕ್ಸ್ ಅದ" ಎಂದ. ಶರಫುದ್ದೀನರು ಸರಿಯಲಿಲ್ಲ. ವಿದ್ಯಾವತಿ ಪೊರಕೆಯನ್ನು ಮೂಲೆಗೆ ಒಗೆದು, ಕಂಪ್ಯೂಟರಿನ ಗುಂಡಿ ಒತ್ತಿ, ಪ್ಲಾಸ್ಟಿಕ್ ಕುರ್ಚಿಯನ್ನು ಕಾಲಿನಿಂದ ಅವರ ಕಡೆ ಸರಿಸಿದಳು.

"ಮೊದಲ ಅವರ ಜೆರಾಕ್ಸ್ ಮಾಡ್ತೇನ್ರಿ. ಆಮ್ಯಾಲ ನಿಮ್ಮ ರಕಾರ."

"ಮಾಡು ಮಾಡು" ಎಂದು ಅವರು ಕುಳಿತರು. ಕೆಂಪು ಗುರುತುಗಳ ಹಾಳೆಯನ್ನು ಮೊಣಕಾಲ ಮೇಲೆ ಹರಡಿಕೊಂಡು, ಕಂಪ್ಯೂಟರು ಹೊತ್ತಿಕೊಳ್ಳುವುದನ್ನೇ ಸಿಟ್ಟಿನಿಂದ ನೋಡತೊಡಗಿದರು. ಅಷ್ಟರಲ್ಲಿ ಕರೆಂಟು ಹೋಯಿತು.